ಭಾವನ ಪ್ರಾಮಾಣಿಕತೆಗೆ ಮೂರು ಸಹಿ

ಕಳ್ಳರನ್ನು ಹಿಡಿಯುವ ವಿದ್ಯೆ ಕಲಿಯಲು ಹೊರಟ ನಮ್ಮ ಭಾವ, ವಿದ್ಯೆ ಕೈಗೆ ಬರುವ ಮುನ್ನವೇ ತಾವೇ ಕಳ್ಳರಾಗಿಬಿಟ್ಟರು. ಈ ಮಾತು ಕೇಳಿದವರು ಮೊದಲು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಾರೆ, ಆಮೇಲೆ ದನಿ ತಗ್ಗಿಸಿ "ಎಷ್ಟು?" ಎಂದು ಕೇಳುತ್ತಾರೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಒಮ್ಮೆ ಹೇಳಿ ಮುಗಿಸುವುದು ಮನೆಯ ಮರ್ಯಾದೆಗೆ ಒಳ್ಳೆಯದು. ನಮ್ಮ ಮನೆಯಲ್ಲಿ ನಾಲ್ಕು ಸಾಲು ಸರಿಯಾಗಿ ಬರೆಯಬಲ್ಲವನು ನಾನೊಬ್ಬನೇ. ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ನನ್ನದು. ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ವಾಸ.

ಭಾವ ಹಾಸಿಗೆ ಮಾಡುವ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಲೆಕ್ಕ ತಾಳೆಯಾಗದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ನಮ್ಮ ಕಟ್ಟಡದವರು ಅವರಿಗೆ 'ತಾಳೆಯವರು' ಎಂದು ಹೆಸರಿಟ್ಟಿದ್ದರು. ಒಮ್ಮೆ ಬಸ್ಸಿನ ಕಂಡಕ್ಟರ್ ಒಂದು ನಾಣ್ಯ ಹೆಚ್ಚಿಗೆ ಕೊಟ್ಟದ್ದು ಇಳಿದ ಮೇಲೆ ಗೊತ್ತಾಗಿ, ಹಿಂದಿನ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಅವನನ್ನು ಅಟ್ಟಿಸಿಕೊಂಡು ಹೋಗಿ ಕೊಟ್ಟು ಬಂದಿದ್ದರು. ಹೋಗಿ ಬರುವ ಟಿಕೆಟ್ಟಿಗೆ ಆ ನಾಣ್ಯದ ಹತ್ತರಷ್ಟು ಖರ್ಚಾಯಿತು. ಕೇಳಿದರೆ, "ಅದು ಬೇರೆ ಖಾತೆ" ಎಂದರು.

ಇಂಥವರನ್ನು ಕಾರ್ಖಾನೆಯ ಯಜಮಾನರು ಒಂದು ದಿನ ಕರೆದು, ಕೈಕುಲುಕಿ, ಇನ್ನಾರು ತಿಂಗಳಲ್ಲಿ ಲೆಕ್ಕದ ವಿಭಾಗ ಮುಚ್ಚುತ್ತೇವೆ, ಆಮೇಲೆ ಎಲ್ಲವನ್ನೂ ಕಂಪ್ಯೂಟರೇ ನೋಡಿಕೊಳ್ಳುತ್ತದೆ ಎಂದು ತಿಳಿಸಿದರು. ಲೆಕ್ಕದ ವಿಭಾಗ ಎಂದರೆ ಭಾವ ಮತ್ತು ಒಂದು ಮೇಜು. ಮೇಜನ್ನು ಪ್ಯಾಕಿಂಗಿನವರಿಗೆ ಕೊಡುವುದೆಂದು ತೀರ್ಮಾನವಾಗಿತ್ತು. ಭಾವನ ಬಗ್ಗೆ ಏನೂ ತೀರ್ಮಾನವಾಗಿರಲಿಲ್ಲ.

ಆ ವಾರ ಭಾವ ಮೊಬೈಲಿನಲ್ಲಿ ಒಂದು ಲೇಖನ ಓದಿದರು. 'ಫೋರೆನ್ಸಿಕ್ ಅಕೌಂಟೆಂಟ್ ಆಗುವುದು ಹೇಗೆ' ಎಂದು ಅದರ ತಲೆಬರಹ. ಓದಿದವರೇ ಎದ್ದು ನಿಂತರು.

"ಏನ್ರೀ ಅದು?" ಅಕ್ಕ ಕೇಳಿದಳು.

"ಕಂಪನಿಗಳಲ್ಲಿ ದುಡ್ಡು ಹೊಡೀತಾರಲ್ಲ, ಯಾರು ಹೊಡೆದ್ರು, ಎಲ್ಲಿಂದ ಹೊಡೆದ್ರು, ಎಲ್ಲಿ ಬಚ್ಚಿಟ್ರು ಅಂತ ಲೆಕ್ಕ ನೋಡೇ ಕಂಡುಹಿಡಿಯೋದು. ಆಮೇಲೆ ಕೋರ್ಟಲ್ಲಿ ನಿಂತು ಸಾಕ್ಷಿ ಹೇಳೋದು."

"ನೀವು? ಕೋರ್ಟಲ್ಲಿ? ತರಕಾರಿಯವಳು ಗದರಿದ್ರೆ ಕೊಳೆತ ಟೊಮೇಟೊ ತಗೊಂಡು ಬರ್ತೀರಲ್ರೀ!"

ಭಾವ ಇದನ್ನು ಕೇಳಿಸಿಕೊಳ್ಳಲಿಲ್ಲ. ಕೋರ್ಸಿಗೆ ಸೇರಿದರು. ಸಂಜೆಯೆಲ್ಲ ಓದಿದರು. ಎಲ್ಲರನ್ನೂ ಅನುಮಾನಿಸುವುದು ಕಲಿಯಬೇಕು ಎಂದು ಮೊದಲನೇ ಪಾಠ. ಪ್ರಶ್ನೆ ಕೇಳಿ ಸುಮ್ಮನೆ ಮುಖ ನೋಡಬೇಕು, ತಪ್ಪಿತಸ್ಥ ಆ ಮೌನ ತಾಳಲಾರದೆ ತಾನೇ ಬಾಯಿಬಿಡುತ್ತಾನೆ ಎಂದು ಎರಡನೇ ಪಾಠ. ಇದನ್ನು ನನ್ನ ಮೇಲೆ ಪ್ರಯೋಗಿಸಿದರು. "ಡಬ್ಬದಲ್ಲಿದ್ದ ಬಿಸ್ಕತ್ತು ಯಾರು ತಿಂದಿದ್ದು?" ಎಂದು ಕೇಳಿ ನನ್ನನ್ನೇ ದಿಟ್ಟಿಸಿದರು. ನಾನೂ ದಿಟ್ಟಿಸಿದೆ. ಸ್ವಲ್ಪ ಹೊತ್ತಿಗೆ ಭಾವನ ಹಣೆಯಲ್ಲಿ ಬೆವರು ಮೂಡಿತು. "ನಾನೇ ತಿಂದೆ ಕಣೋ" ಎಂದು ಒಪ್ಪಿಕೊಂಡರು.

ಆದರೂ ಪರೀಕ್ಷೆ ಪಾಸಾದರು. ನಗರದ ದೊಡ್ಡ ಆಡಿಟ್ ಕಚೇರಿಯೊಂದು, ಸೋಮವಾರದೊಳಗೆ ಕೋರ್ಸು ನಡೆಸುವ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಬಂದಿದ್ದರೆ ಕೆಲಸ ನಿಮ್ಮದು ಎಂದು ಹೇಳಿತು. ಕಾರ್ಖಾನೆಯ ಕೆಲಸಕ್ಕೂ ಅದೇ ವಾರ ಕೊನೆ. ಉಳಿದಿದ್ದದ್ದು ಒಂದೇ ಒಂದು ಮೆಟ್ಟಿಲು. ಕಳ್ಳರನ್ನು ಹಿಡಿಯುವವನು ತಾನು ಕಳ್ಳನಾಗಿರಬಾರದಲ್ಲ, ಹಾಗಾಗಿ ಸಂಬಂಧಿಕರಲ್ಲದ, ಬಹಳ ಕಾಲದಿಂದ ಬಲ್ಲ ಮೂವರಿಂದ ನಡತೆಯ ಬಗ್ಗೆ ಸಹಿ ಹಾಕಿಸಿ ಕಳಿಸಬೇಕಿತ್ತು.

"ಇದೇನು ಮಹಾ? ಇಡೀ ಕಟ್ಟಡವೇ ಸಹಿ ಹಾಕುತ್ತೆ" ಎಂದೆ ನಾನು. ನನ್ನ ಜೀವನದಲ್ಲಿ ನಾನಾಡಿದ ಅತಿ ದೊಡ್ಡ ಮೂರ್ಖ ಮಾತು ಅದು.

ಆ ಕಾಗದ ಹೇಗಿತ್ತೆಂದು ಹೇಳಿಬಿಡುತ್ತೇನೆ. ಮೇಲೆ ದಪ್ಪಕ್ಷರದಲ್ಲಿ 'ವಂಚನೆ ತನಿಖಾ ಸಂಸ್ಥೆ' ಎಂದಿತ್ತು. ಅದರ ಕೆಳಗೆ ಭಾವನ ಫೋಟೋ. ಫೋಟೋದಲ್ಲಿ ಭಾವ, ಯಾರೋ ಹಿಂದಿನಿಂದ ಕುತ್ತಿಗೆ ಹಿಡಿದಿರುವವರ ಹಾಗೆ ಕಾಣುತ್ತಿದ್ದರು. ಆಮೇಲೆ ಪ್ರಶ್ನೆಗಳು: 'ಈ ವ್ಯಕ್ತಿಯನ್ನು ನೀವು ಎಷ್ಟು ಕಾಲದಿಂದ ಬಲ್ಲಿರಿ? ಈ ವ್ಯಕ್ತಿ ಕಳ್ಳತನ, ಮೋಸ, ನಕಲಿ ಸಹಿ ಮುಂತಾದವುಗಳಲ್ಲಿ ತೊಡಗಿರುವುದು ನಿಮಗೆ ತಿಳಿದಿದೆಯೇ? ನಿಮ್ಮ ಸ್ವಂತ ಹಣವನ್ನು ಈ ವ್ಯಕ್ತಿಯ ಕೈಗೆ ಕೊಡುವಿರಾ?'

ಜೊತೆಗೆ ಅಭ್ಯರ್ಥಿಗೆ ಒಂದು ಸೂಚನೆಯಿತ್ತು. ಸಹಿ ಹಾಕುವವರ ಅಭಿಪ್ರಾಯದ ಮೇಲೆ ಪ್ರಭಾವ ಬೀರುವಂಥ ಯಾವ ವಿವರಣೆಯನ್ನೂ ಕೊಡಕೂಡದು. ಬೇರೆ ಯಾರಾಗಿದ್ದರೂ ಇದನ್ನು ಓದಿ ಪಕ್ಕಕ್ಕಿಡುತ್ತಿದ್ದರು. ನಮ್ಮ ಭಾವ ಅದಕ್ಕೆ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದುಕೊಂಡರು.

ಮೊದಲು ಹೋದದ್ದು ಮೇಲಿನ ಮಹಡಿಯ ನಿವೃತ್ತ ಮೇಷ್ಟ್ರ ಮನೆಗೆ. ನಾನು ಅಲ್ಲಿರಲಿಲ್ಲ. ಮೇಷ್ಟ್ರೇ ಆಮೇಲೆ ಹಲವರಿಗೆ ಈ ದೃಶ್ಯವನ್ನು ಅಭಿನಯಿಸಿ ತೋರಿಸಿದ್ದರಿಂದ ನನಗೆ ಬಾಯಿಪಾಠವಾಗಿದೆ.

ಮೇಷ್ಟ್ರು ಕಾಗದ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ತಾಳೆಯವರೇ... ಏನಿದು?"

"ನಾನು ಏನೂ ಹೇಳೋ ಹಾಗಿಲ್ಲ ಮೇಷ್ಟ್ರೇ. ಹೇಳ್ಬೇಡಿ ಅಂತ ಅಪ್ಪಣೆ ಆಗಿದೆ."

"ವಕೀಲರು ಹೇಳಿದ್ರಾ?"

"ಸಂಸ್ಥೆಯವರೇ ಬರೆದಿದಾರೆ."

"ಅಯ್ಯೋ ದೇವ್ರೇ! ಅಲ್ಲಿಗೇ ಹೋಗಿಬಿಡ್ತಾ! ಎಷ್ಟಾಯ್ತು?"

ಕೋರ್ಸಿನ ಶುಲ್ಕ ಹೇಳಿದರೆ ಅದು ಪ್ರಭಾವ ಬೀರಿದಂತಾಗುವುದಿಲ್ಲ ಎಂದು ಭಾವ ಮನಸ್ಸಿನಲ್ಲೇ ತೂಗಿ ನೋಡಿ, "ನಲವತ್ತೆರಡು ಸಾವಿರ" ಎಂದರು.

"ಒಂದೇ ಸಲಕ್ಕಾ?"

"ಒಂದೇ ಸಲಕ್ಕೆ ಆಗ್ತಿತ್ತಾ ಮೇಷ್ಟ್ರೇ? ಎರಡು ಕಂತು ಮಾಡ್ದೆ."

"ಕಂತಲ್ಲಿ!" ಮೇಷ್ಟ್ರು ಕುರ್ಚಿಯ ಕೈ ಹಿಡಿದುಕೊಂಡರು. "ಮನೇಲಿ ಗೊತ್ತಾ?"

ಭಾವ ತಲೆ ತಗ್ಗಿಸಿದರು. "ಅರ್ಧ ಗೊತ್ತು. ಇಪ್ಪತ್ತೊಂದು ಅಂತ ಹೇಳಿದೀನಿ."

"ಸೋಮವಾರದೊಳಗೆ ಸಹಿ ಆಗದಿದ್ರೆ?"

"ನನ್ನ ಕಥೆ ಮುಗೀತು."

ಮೇಷ್ಟ್ರು ಮೂರನೇ ಪ್ರಶ್ನೆಯನ್ನು ಇನ್ನೊಮ್ಮೆ ನೋಡಿದರು. ಕಳ್ಳತನ ಮಾಡಿದ್ದಾನೆಯೇ ಎಂದು ಒಂದು ಪ್ರಶ್ನೆ, ಅದರ ಬೆನ್ನಿಗೇ ನಿಮ್ಮ ಹಣ ಕೊಡುವಿರಾ ಎಂದು ಇನ್ನೊಂದು. ಮೂವತ್ತು ವರ್ಷ ಮಕ್ಕಳಿಗೆ ಎರಡಕ್ಕೆ ಎರಡು ಕೂಡಿಸುವುದನ್ನು ಕಲಿಸಿದ್ದ ಮೇಷ್ಟ್ರು ಇಲ್ಲಿಯೂ ಕೂಡಿಸಿದರು. "ಧೈರ್ಯವಾಗಿರಿ. ಯೋಚನೆ ಮಾಡ್ತೀನಿ. ದುಡುಕಿ ಏನೂ ಮಾಡ್ಕೋಬೇಡಿ" ಎಂದು ಭಾವನ ಭುಜ ತಟ್ಟಿ ಕಳಿಸಿದರು. ಭಾವನಿಗೆ ಬಹಳ ಖುಷಿಯಾಯಿತು. ಎಷ್ಟು ಜವಾಬ್ದಾರಿಯಿಂದ ಓದಿದರು ನೋಡು, ಎರಡೆರಡು ಸಲ ಓದಿದರು ಎಂದು ನನ್ನ ಹತ್ತಿರ ಹೊಗಳಿದರು.

ಕೆಳಗಿನ ಔಷಧಿ ಅಂಗಡಿಯವರು ಎರಡನೆಯವರು. ಅವರು ಕಾಗದವನ್ನು ಕೈಯಿಂದ ಮುಟ್ಟಲೂ ಇಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ಅದು ಬಿದ್ದಿದ್ದ ಹಾಗೇ ಬಗ್ಗಿ ಓದಿದರು.

"ಇದು ಜಾಮೀನು."

"ಜಾಮೀನಲ್ಲ, ಬರೀ ಸಹಿ."

"ನಮ್ಮಪ್ಪನಿಗೂ ಹಾಗೇ ಹೇಳಿದ್ರು. ಸೋದರಮಾವನಿಗೆ ಬರೀ ಸಹಿ ಅಂತ ಹಾಕಿದ್ರು. ಸೋದರಮಾವ ಓಡಿಹೋದ, ನಮ್ಮ ಮನೆ ಹೋಯ್ತು. ತಾಳೆಯವರೇ, ತಲೆನೋವಿನ ಮಾತ್ರೆ ಬೇಕಾ, ಸಾಲ ಕೊಡ್ತೀನಿ. ನಿದ್ದೆ ಮಾತ್ರೆ ಮಾತ್ರ ಕೇಳ್ಬೇಡಿ, ಈ ಪರಿಸ್ಥಿತೀಲಿ ನಿಮಗೆ ಕೊಡಲ್ಲ."

ಮರುದಿನ ಬೆಳಗಿನ ಹೊತ್ತಿಗೆ ಸುದ್ದಿ ಕಟ್ಟಡದ ಎಲ್ಲ ಮಹಡಿಗಳನ್ನೂ ಹತ್ತಿ ಇಳಿದಿತ್ತು. ಭಾವ ಕೆಲಸಕ್ಕೆ ಹೊರಟಾಗ ಮೆಟ್ಟಿಲ ಮೇಲಿದ್ದವರೆಲ್ಲ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ದರ್ಜಿಯವರು ಅಳತೆ ಟೇಪನ್ನು ಎದೆಗವಚಿಕೊಂಡು ಕಣ್ಣೊರೆಸಿಕೊಂಡರು. ಭಾವ ಎಲ್ಲರಿಗೂ ನಮಸ್ಕಾರ ಹೇಳಿದರು. "ಎಷ್ಟು ಗಟ್ಟಿ ಗುಂಡಿಗೆ ನೋಡಿ" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದ್ದು ನನಗೆ ಕೇಳಿಸಿತು.

ಅಕ್ಕನ ಬಾಗಿಲಿಗೆ ಮೇಷ್ಟ್ರ ಹೆಂಡತಿ ಬಂದರು. ಕೈಯಲ್ಲಿ ಬಿಸಿ ಬ್ರೆಡ್ಡು, ಕಣ್ಣಲ್ಲಿ ನೀರು.

"ಸಂಸಾರ ಅಂದ್ಮೇಲೆ ಇದೆಲ್ಲ ಇರೋದೇ ಕಣಮ್ಮ. ಗಂಡಸರ ಬುದ್ಧಿ ಒಂದೊಂದು ಸಲ ಹಾಗೆ. ನೀನು ಮಾತ್ರ ಕೈ ಬಿಡಬೇಡ."

"ಏನಾಯ್ತು ಅಮ್ಮ?"

"ನಲವತ್ತೆರಡು ಸಾವಿರ ಏನು ದೊಡ್ಡದಾ ಹೇಳು? ಜನ ಕೋಟಿಗಟ್ಟಲೆ ನುಂಗಿ ಓಡಾಡ್ತಿದಾರೆ."

ಅಕ್ಕನಿಗೆ ಗೊತ್ತಿದ್ದದ್ದು ಇಪ್ಪತ್ತೊಂದು. ಅವಳು ಬ್ರೆಡ್ಡು ಇಸಕೊಂಡು, ಉಪಚಾರದ ಎರಡು ಮಾತಾಡಿ, ಬಾಗಿಲು ಹಾಕಿ, ಸಂಜೆಯವರೆಗೆ ಕಾದಳು. ಭಾವ ಒಳಗೆ ಕಾಲಿಡುತ್ತಲೇ, "ನಲವತ್ತೆರಡು ಸಾವಿರ" ಎಂದಷ್ಟೇ ಹೇಳಿದಳು. ಭಾವ ಚಪ್ಪಲಿ ಬಿಡುವುದನ್ನೂ ಮರೆತು ಪೂರ್ತಿ ಒಪ್ಪಿಕೊಂಡರು. ಆರು ತಿಂಗಳ ಕೋರ್ಸಿನಲ್ಲಿ ಕಲಿಸಿದ್ದು ಅಕ್ಕನಿಗೆ ಹುಟ್ಟಿನಿಂದಲೇ ಗೊತ್ತಿತ್ತು ಎಂದು ನನಗೆ ಆಗ ಅನ್ನಿಸಿತು.

"ಫೀಸು ಕಣೇ! ಎಲ್ಲಾ ಫೀಸು! ಪೂರ್ತಿ ಹೇಳಿದ್ರೆ ನೀನು ಬೇಡ ಅಂತಿದ್ದೆ ಅಂತ ಅರ್ಧ ಹೇಳ್ದೆ."

"ಕಟ್ಟಡದವರು ಅಳ್ತಿದಾರಲ್ರೀ! ಫೀಸಿಗೆ ಯಾರಾದ್ರೂ ಅಳ್ತಾರಾ?"

"ಯಾಕೆ ಅಳ್ತಿದಾರೆ?" ಭಾವ ನಿಜವಾಗಿಯೂ ಬೆಚ್ಚಿಬಿದ್ದರು. ಅವರಿಗೆ ಏನೇನೂ ಗೊತ್ತಿರಲಿಲ್ಲ.

ನಾನು ಮಹಡಿಯಿಂದ ಮಹಡಿಗೆ ಓಡಿ, ಅದು ಕೋರ್ಸು, ಕಳ್ಳತನ ಅಲ್ಲ ಎಂದು ಹೇಳಿದೆ. ಎಲ್ಲರೂ ನನ್ನನ್ನು ಕರುಣೆಯಿಂದ ನೋಡಿದರು. "ಬಾಮೈದ ಅಲ್ವಾ, ಇನ್ನೇನು ಹೇಳ್ತಾನೆ ಪಾಪ" ಎಂದರು. ಔಷಧಿ ಅಂಗಡಿಯವರಂತೂ, "ಐವತ್ತರ ಹತ್ತಿರ ಇರೋ ಮನುಷ್ಯ ಕೋರ್ಸ್ ಮಾಡ್ತಿದಾನೆ ಅನ್ನೋದಕ್ಕಿಂತ ಕದ್ದಿದಾನೆ ಅನ್ನೋದೇ ನಂಬೋ ಹಾಗಿದೆ" ಎಂದರು. ಭಾವ ತಾವೇ ಹೋಗಿ ಹೇಳಬಹುದಿತ್ತು. ಆದರೆ ಕೆಂಪು ಶಾಯಿಯ ಅಡಿಗೆರೆ ಬಿಡಲಿಲ್ಲ. ಸಹಿಗೆ ಮೊದಲು ವಿವರಣೆ ಕೊಟ್ಟರೆ ಅದು ಅಪ್ರಾಮಾಣಿಕತೆ ಎಂದು ಕುಳಿತುಬಿಟ್ಟರು.

ಅಷ್ಟರಲ್ಲಿ ಭಾವನ ಅಣ್ಣ ಬಂದರು. ನಗರದ ಆ ತುದಿಯಲ್ಲಿ ಹಳೇ ಗಾಡಿಗಳನ್ನು ಕೊಂಡು ಮಾರುವವರು. ಬಾಲ್ಯದಿಂದ ಎಲ್ಲರೂ ಅವರಿಗೆ "ನಿನ್ನ ತಮ್ಮನ್ನ ನೋಡಿ ಕಲಿ" ಎಂದೇ ಹೇಳುತ್ತ ಬಂದಿದ್ದರು. ಅವರು ಗಂಭೀರವಾದ ಮುಖ ಹೊತ್ತು ಒಳಗೆ ಬಂದರೇನೋ ನಿಜ, ಆದರೆ ಆ ಮುಖ ನಿಲ್ಲುತ್ತಿರಲಿಲ್ಲ. ಭಾವನನ್ನು ಬಾಚಿ ತಬ್ಬಿಕೊಂಡು, "ಅಂತೂ ನೀನೂ ಮನುಷ್ಯನಾದೆಯಲ್ಲೋ!" ಎಂದರು.

"ಅಣ್ಣಾ, ನಾನು ಏನೂ..."

"ಹೇಳ್ಬೇಡ. ಗೋಡೆಗೂ ಕಿವಿ ಇರುತ್ತೆ. ನಾನಿದೀನಿ. ಅಪ್ಪ ಇದ್ದಿದ್ರೆ ಇವತ್ತು ಕಣ್ಣಾರೆ ನೋಡ್ತಿದ್ರು."

ಶನಿವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಅಣ್ಣನವರು ಬಂದು ನನ್ನ ರಟ್ಟೆ ಹಿಡಿದರು. "ಬಾ, ಮನೆ ಕಡೆಯಿಂದ ಒಬ್ಬರಿರಬೇಕು" ಎಂದರು. ಹೊರಗೆ ಮೇಷ್ಟ್ರು, ಔಷಧಿ ಅಂಗಡಿಯವರು, ದರ್ಜಿಯವರು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ನಿಂತಿದ್ದರು. ಮೇಷ್ಟ್ರ ಕೈಯಲ್ಲೊಂದು ಬಟ್ಟೆಯ ಚೀಲ. ಎಲ್ಲಿಗೆ ಎಂದು ಕೇಳಿದರೆ ಯಾರೂ ಹೇಳಲಿಲ್ಲ. ಕಾರ್ಖಾನೆಯ ಗೇಟು ಕಂಡಾಗಲೇ ನನಗೆ ಗೊತ್ತಾದದ್ದು.

ಯಜಮಾನರ ಕೋಣೆಯಲ್ಲಿ ಕುರ್ಚಿಗಳಿಲ್ಲ. ಬಂದವರು ಮಾಲಿನ ಗುಣ ಅರಿಯಲೆಂದು ಮಾದರಿ ಹಾಸಿಗೆಗಳನ್ನೇ ಪೇರಿಸಿಟ್ಟಿದ್ದಾರೆ. ನಮ್ಮ ನಿಯೋಗ ಬಹಳ ಗಾಂಭೀರ್ಯದಿಂದ ಅದರ ಮೇಲೆ ಕುಳಿತು, ಕುಳಿತಷ್ಟೇ ಗಾಂಭೀರ್ಯದಿಂದ ಒಳಗೆ ಹೂತುಹೋಯಿತು. ಮೇಷ್ಟ್ರ ಮೊಣಕಾಲು ಗದ್ದಕ್ಕೆ ಬಂದವು. ಆ ಸ್ಥಿತಿಯಲ್ಲೇ ಚೀಲವನ್ನು ಎತ್ತಿ ಮೇಜಿನ ಮೇಲಿಟ್ಟರು.

"ಯಜಮಾನ್ರೇ, ಮನುಷ್ಯ ಒಳ್ಳೆಯವನು. ಏನೋ ಗ್ರಹಚಾರ. ಕಟ್ಟಡದವರೆಲ್ಲ ಸೇರಿ ಕೂಡಿಸಿದ್ದು, ಪೂರ್ತಿ ನಲವತ್ತೆರಡು ಸಾವಿರ ಇದೆ, ಎಣಿಸ್ಕೊಳ್ಳಿ. ಪೊಲೀಸು ಮಾತ್ರ ಬೇಡ."

"ಯಾವ ನಲವತ್ತೆರಡು ಸಾವಿರ?"

"ನಿಮ್ಮ ತಾಳೆಯವರು ತೆಗೆದಿದ್ದು."

ಯಜಮಾನರ ಮುಖ ಅವರ ಹತ್ತಿಗಿಂತ ಬಿಳಿಯಾಯಿತು. "ನಮ್ಮಲ್ಲಾ? ಹೋದ ತಿಂಗಳು ತಾನೇ ಆಡಿಟ್ ಆಯ್ತು! ಒಂದು ಬಿಡಿಗಾಸು ವ್ಯತ್ಯಾಸ ಇರಲಿಲ್ಲ!"

"ಅಷ್ಟು ನೀಟಾಗಿ ಮಾಡಿದಾರೆ" ಎಂದರು ಔಷಧಿ ಅಂಗಡಿಯವರು, ಸ್ವಲ್ಪ ಹೆಮ್ಮೆಯಿಂದಲೇ.

"ಸಾರ್, ಕಳ್ಳತನವೇ ಆಗಿಲ್ಲ" ಎಂದು ನಾನು ಏಳಲು ಹೋದೆ. ಹಾಸಿಗೆ ಬಿಡಲಿಲ್ಲ. ಅಣ್ಣನವರು ನನ್ನ ತೊಡೆ ತಟ್ಟಿ, "ದುಃಖದಲ್ಲಿದಾನೆ, ಮನಸ್ಸಿಗೆ ಹಚ್ಕೋಬೇಡಿ" ಎಂದರು.

ಯಜಮಾನರು ಚೀಲ ನೋಡಿದರು, ನಮ್ಮನ್ನು ನೋಡಿದರು, ಮತ್ತೆ ಚೀಲ ನೋಡಿದರು. ಕೈ ನಿಧಾನವಾಗಿ ಮುಂದೆ ಬಂದು ಚೀಲವನ್ನು ಎಳೆದುಕೊಂಡಿತು. "ಸರಿ. ಕ್ಷಮಿಸಿದೀನಿ" ಎಂದು ದೊಡ್ಡ ಮನಸ್ಸು ಮಾಡಿದರು. ಗಂಟೆ ಒತ್ತಿ ಭಾವನನ್ನು ಕರೆಸಿದರು.

ಭಾವ ತಲೆಯ ಮೇಲೆ ಹತ್ತಿಯ ಎಳೆಗಳನ್ನು ಹೊತ್ತು, ಪೆನ್ನು ಹಿಡಿದು ಬಂದರು. ಹೂತುಹೋಗಿದ್ದ ನಮ್ಮನ್ನು ಕಂಡು ಹಾಸಿಗೆ ಕೊಳ್ಳಲು ಬಂದಿರಬೇಕೆಂದು ಮುಗುಳ್ನಕ್ಕರು.

"ಇದನ್ನ ಜಮಾ ಮಾಡ್ಕೊಳ್ಳಿ" ಎಂದರು ಯಜಮಾನರು.

"ಯಾರಿಂದ ಬಂತು ಸಾರ್?"

"ನಿಮ್ಮಿಂದ."

"ಯಾವ ಬಾಬ್ತು?"

"ನೀವು ಕದ್ದ ಬಾಬ್ತು."

ಭಾವನ ಬಾಯಿ ತೆರೆದಿತ್ತು, ಪೆನ್ನು ಗಾಳಿಯಲ್ಲಿತ್ತು. ಆಮೇಲೆ ಬಹಳ ವಿನಯದಿಂದ ಹೇಳಿದರು: "ಹಾಗಿರಲಾರದು ಸಾರ್. ನಾನು ಕದ್ದಿದ್ರೆ ಪುಸ್ತಕದಲ್ಲಿ ಇರ್ಬೇಕಿತ್ತಲ್ಲ?"

"ಕದ್ದದ್ದನ್ನ ಯಾರಾದ್ರೂ ಪುಸ್ತಕದಲ್ಲಿ ಬರೀತಾರೇನ್ರೀ?"

"ನಾನಾಗಿದ್ರೆ ಬರೀತಿದ್ದೆ ಸಾರ್."

ಭಾವನನ್ನು ಬಲ್ಲವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಭಾವ ಔಷಧಿ ಅಂಗಡಿಯಲ್ಲೇ ಬಿಟ್ಟು ಬಂದಿದ್ದ ಕಾಗದ ಮೇಷ್ಟ್ರ ಜೇಬಿನಲ್ಲಿತ್ತು, ಅದನ್ನು ಹೊರಗೆ ತೆಗೆದರು. ನಾನು ಆ ಹಾಸಿಗೆಯಿಂದ ಹೇಗೋ ಉರುಳಿ ಕೆಳಗೆ ಬಿದ್ದು, ಬಿದ್ದಲ್ಲಿಂದಲೇ ಕೋರ್ಸು, ಶುಲ್ಕ, ಆಡಿಟ್ ಕಚೇರಿ, ಸೋಮವಾರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಯಜಮಾನರ ಕಣ್ಣೆದುರಿಗೇ ಹೇಳಿದ್ದರಿಂದ ಈ ಸಲ ಎಲ್ಲರೂ ನಂಬಿದರು. ಅಣ್ಣನವರ ಮುಖ ಮಾತ್ರ ಇಳಿದುಹೋಯಿತು.

ಯಜಮಾನರೂ ನಂಬಿದರು. ಆದರೆ ಚೀಲದ ಮೇಲಿನ ಕೈ ತೆಗೆಯಲಿಲ್ಲ.

"ಆಗಿದ್ದು ಆಯ್ತು. ಬಂದದ್ದು ಬಂತು. 'ಇತರೆ ಆದಾಯ' ಅಂತ ಬರ್ಕೊಳ್ಳಿ."

"ಆಗಲ್ಲ ಸಾರ್."

"ಏನು?"

"ಇದು ನಮ್ಮದಲ್ಲ ಸಾರ್. ಬರೆಯೋಕೆ ಆಗಲ್ಲ" ಎಂದು ಭಾವ ಮುಂದೆ ಬಂದು ಚೀಲದ ಹಿಡಿ ಹಿಡಿದರು. ಯಜಮಾನರೂ ಬಿಡಲಿಲ್ಲ. ಇಬ್ಬರೂ ಮೇಜಿನ ಎರಡು ಕಡೆ ನಿಂತು ಎಳೆದರು. ತರಕಾರಿಯವಳಿಗೆ ಹೆದರುವ ನಮ್ಮ ಭಾವ ಎಳೆದ ಎಳೆತಕ್ಕೆ ಯಜಮಾನರು ಅರ್ಧ ಮೇಜಿನ ಮೇಲೆ ಬಂದರು. ಚೀಲ ಭಾವನ ಕೈಗೆ ಬಂತು.

ಯಜಮಾನರು ಏದುಸಿರು ಬಿಡುತ್ತ, "ಕೊಡಿ ಇಲ್ಲಿ ಆ ಕಾಗದ!" ಎಂದು ಕಿರುಚಿದರು. ಹರಿದು ಹಾಕುತ್ತಾರೆಂದು ನನಗೆ ಜೀವ ಹೋದಂತಾಯಿತು. ಅವರು ಹರಿಯಲಿಲ್ಲ, ಬರೆದರು. 'ಹದಿನಾರು ವರ್ಷದಿಂದ ಬಲ್ಲೆ. ತಾನಾಗಿ ಬಂದ ಹಣವನ್ನೂ ಇಟ್ಟುಕೊಳ್ಳಲು ಬಿಡದ ಮನುಷ್ಯ. ನಮಗಂತೂ ಉಪಯೋಗವಿಲ್ಲ' ಎಂದು ಬರೆದು, ಕಾಗದ ತೂತಾಗುವಂತೆ ಸಹಿ ಒತ್ತಿದರು. ಒಂದು ಸಹಿ ಬಂತು.

ವಾಪಸ್ ಬರುವಾಗ ಭಾವ ಚೀಲವನ್ನು ಮಗುವಿನಂತೆ ಎತ್ತಿಕೊಂಡಿದ್ದರು. "ನನ್ನನ್ನ ಕಳ್ಳ ಅಂದ್ಕೊಂಡ್ರಲ್ಲ ಅಂತ ಅಳ್ಬೇಕೋ, ಕಳ್ಳನಿಗೂ ಇಷ್ಟು ಕೊಟ್ರಲ್ಲ ಅಂತ ಅಳ್ಬೇಕೋ ಗೊತ್ತಾಗ್ತಿಲ್ಲ ಕಣೋ" ಎಂದರು. ಎರಡಕ್ಕೂ ಸೇರಿಸಿ ಒಮ್ಮೆ ಅತ್ತರು. ಇಂಥ ನೆರೆಹೊರೆ ಯಾರಿಗುಂಟು ಎಂದುಕೊಂಡೆ. ಮನೆ ತಲುಪುವವರೆಗೆ ಹಾಗೇ ಅಂದುಕೊಂಡಿದ್ದೆ.

ಮನೆಯಲ್ಲಿ ಇಡೀ ಕಟ್ಟಡ ಜಮಾಯಿಸಿತ್ತು. ಭಾವ ಕಳ್ಳರಲ್ಲ ಎಂಬ ಸುದ್ದಿ, ಭಾವ ಕಳ್ಳರು ಎಂಬ ಸುದ್ದಿಗಿಂತ ದೊಡ್ಡ ಆಘಾತ ಕೊಟ್ಟಿತ್ತು. "ಕದ್ದೇ ಇಲ್ಲ ಅಂದ್ರೆ ಏನರ್ಥ? ಎರಡು ದಿನದಿಂದ ನನಗೆ ಸರಿಯಾಗಿ ಊಟ ಸೇರಿಲ್ಲ" ಎಂದು ಒಬ್ಬರು. "ಮೊದಲೇ ಹೇಳೋಕೆ ಏನಾಗಿತ್ತು? ಸುಮ್ನೆ ಅತ್ತಿದ್ದಾಯ್ತು" ಎಂದು ದರ್ಜಿಯವರು. ಅಕ್ಕ ಎಲ್ಲರಿಗೂ ಚಹಾ ಕೊಟ್ಟಳು. ಭಾವ ಚೀಲವನ್ನು ಮೇಜಿನ ಮೇಲೆ ಸುರಿದು, ಕೈಮುಗಿದು, "ಅವರವರು ಕೊಟ್ಟಿದ್ದು ಅವರವರು ತಗೊಂಡು ನನ್ನ ಋಣ ತೀರ್ಸಿ" ಎಂದರು.

"ನಂದು ಹತ್ತು ಸಾವಿರ" ಎಂದರು ಔಷಧಿ ಅಂಗಡಿಯವರು.

"ನಂದು ಏಳು" ಎಂದರು ದರ್ಜಿಯವರು.

"ಲೆಕ್ಕ ಯಾರಿಟ್ಟಿದಾರೆ? ಎರಡೋ ಮೂರೋ ಇರ್ಬೇಕು" ಎಂದರು ಅಣ್ಣನವರು, ಎತ್ತಲೋ ನೋಡುತ್ತ.

ಒಬ್ಬೊಬ್ಬರೂ ಹೇಳಿದರು. ಭಾವ ಒಬ್ಬೊಬ್ಬರದನ್ನೂ ಬರೆದುಕೊಂಡರು. ಕೊನೆಗೆ ಹಣ ಒಟ್ಟು ಮಾಡಿದ್ದ ಮೇಷ್ಟ್ರು, ಜೇಬಿನಿಂದ ಪೆನ್ನು ತೆಗೆದು, ಸಹಿ ಹಾಕುವ ಕಾಗದವನ್ನು ಮುಂದಿಟ್ಟುಕೊಂಡು, "ನಂದು ಎಂಟು. ಕೊಟ್ಬಿಡಿ, ಈಗಲೇ ಸಹಿ ಹಾಕ್ತೀನಿ" ಎಂದರು.

ಭಾವ ಕೂಡಿದರು. ಮತ್ತೊಮ್ಮೆ ಕೂಡಿದರು. ಅವರ ಮುಖ ಕಪ್ಪಿಟ್ಟಿತು.

"ಅರವತ್ತೊಂದು ಸಾವಿರ ಆಗ್ತಿದೆ" ಎಂದರು. "ಇಲ್ಲಿರೋದು ನಲವತ್ತೆರಡು."

ನಾನು ಭಾವನ ಅಂಗಿ ಜಗ್ಗಿದೆ. ಇನ್ನೆರಡು ಸಹಿ ಬಾಕಿಯಿದ್ದವು. ಈ ಜನರನ್ನು ಬಿಟ್ಟು ಬೇರೆ ಯಾರ ಹತ್ತಿರ ಹೋಗುವುದು? ಕೊಟ್ಟುಬಿಡಿ, ಉಳಿದದ್ದಕ್ಕೆ ಸಾಲ ಮಾಡೋಣ ಎಂದು ಕಣ್ಣಲ್ಲೇ ಬೇಡಿಕೊಂಡೆ. ಭಾವ ನನ್ನ ಕಡೆ ನೋಡಲಿಲ್ಲ. ಕೂಡಿದ ಮೊತ್ತ ತಪ್ಪಾದರೆ ಅವರಿಗೆ ಲೋಕದಲ್ಲಿ ಬೇರೇನೂ ಕಾಣುವುದಿಲ್ಲ.

"ಯಾರೂ ಸುಳ್ಳು ಹೇಳೋ ಜನ ಅಲ್ಲ" ಎಂದರು ಭಾವ, ಒಂದಿಷ್ಟೂ ವ್ಯಂಗ್ಯವಿಲ್ಲದೆ. "ಅಂದ್ಮೇಲೆ ಮಧ್ಯದಲ್ಲಿ ಹತ್ತೊಂಬತ್ತು ಸಾವಿರ ಕಾಣೆಯಾಗಿದೆ. ಚೀಲ ಯಾರ ಕೈಲಿತ್ತು?"

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರ ಕೈಯಿಂದ ಪೆನ್ನು ಬಿತ್ತು.

"ನಾನಾ?" ಮೇಷ್ಟ್ರು ಅರಚಿದರು. "ನಾನು ಕಳ್ಳನಾ? ಏ ಔಷಧಿ, ನೀನು ಕೊಟ್ಟಿದ್ದು ಆರು ಸಾವಿರ! ಅದರಲ್ಲಿ ಒಂದು ಹರಿದ ನೋಟು, ಅಂಟು ಹಾಕಿದ್ದು! ದರ್ಜಿಯವರೇ, ನಿಮ್ಮದು ನಾಲ್ಕು, ಕೊಡುವಾಗ ಇನ್ನೂ ಎರಡು ಆಮೇಲೆ ಅಂದ್ರಿ, ಆ ಆಮೇಲೆ ಇನ್ನೂ ಬಂದಿಲ್ಲ! ನೀವು, ಅಣ್ಣನವರೇ, ನಾನು ಚೀಲ ಹಿಡಿದು ಮುಂದೆ ಬಂದಾಗ ಫೋನ್ ಬಂತು ಅಂತ ಹೊರಗೆ ಹೋದೋರು ಮತ್ತೆ ಬಂದದ್ದು ಇವತ್ತು ಬೆಳಿಗ್ಗೆ!"

ಹೀಗೆ ಒಂದೊಂದೇ ಮನೆಯನ್ನು ಹಿಡಿದು ಝಾಡಿಸಿದರು. ಯಾರೊಬ್ಬರೂ ಎದುರಾಡಲಿಲ್ಲ. ಔಷಧಿ ಅಂಗಡಿಯವರು, "ಬಡ್ಡಿ ಸೇರಿಸಿ ಹೇಳ್ದೆ" ಎಂದು ಗೊಣಗಿದರು. ಭಾವ ಒಂದೊಂದೇ ಸಂಖ್ಯೆ ಹೊಡೆದು ಸರಿ ಮಾಡುತ್ತ ಬಂದು, "ನಿಮ್ಮದು ಮೇಷ್ಟ್ರೇ?" ಎಂದು ತಲೆಯೆತ್ತಿದರು.

ಮೇಷ್ಟ್ರ ಅಬ್ಬರ ಅಲ್ಲಿಗೆ ನಿಂತಿತು. ಮೇಷ್ಟ್ರ ಹೆಂಡತಿ ಒಳಗಿನಿಂದ, "ಐದು" ಎಂದರು.

ಎಲ್ಲರೂ ತಮ್ಮ ತಮ್ಮ ಹಣ ತೆಗೆದುಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಹೊರಟರು. ಭಾವ ಕೆಳಗೆ ಬಿದ್ದ ಪೆನ್ನನ್ನು ಎತ್ತಿ ಮೇಷ್ಟ್ರ ಕೈಗೆ ಕೊಟ್ಟರು. ನಾನು ಕಣ್ಣು ಮುಚ್ಚಿಕೊಂಡೆ.

"ಮೂವತ್ತು ವರ್ಷ ಮೇಷ್ಟ್ರಾಗಿದ್ದವನನ್ನ, ಅವನ ಸಹಿ ಬೇಕಾಗಿರೋ ಹೊತ್ತಲ್ಲೇ ಅನುಮಾನಿಸಿದ್ರಲ್ರೀ" ಎಂದರು ಮೇಷ್ಟ್ರು. ಕಾಗದವನ್ನು ತುಂಬ ಹೊತ್ತು ನೋಡಿ, "ಈ ಕೆಲಸಕ್ಕೆ ನಿಮಗಿಂತ ಯೋಗ್ಯರು ಇನ್ನೆಲ್ಲಿ ಸಿಗ್ತಾರೆ?" ಎಂದು ಸಹಿ ಹಾಕಿದರು. ಬಾಗಿಲವರೆಗೆ ಹೋಗಿದ್ದ ಔಷಧಿ ಅಂಗಡಿಯವರನ್ನೂ ಕೊರಳಪಟ್ಟಿ ಹಿಡಿದು ಎಳೆದು ತಂದರು. ಅವರು ಸಹಿ ಹಾಕಿ, ಅದರ ಕೆಳಗೆ 'ಇದು ಜಾಮೀನು ಅಲ್ಲ' ಎಂದು ಬರೆದು, ಅದಕ್ಕೂ ಒಂದು ಸಹಿ ಹಾಕಿದರು.

ಮೂರು ಸಹಿ ಆದವು. ಹೊಸ ಕೆಲಸ ಕೈಗೆ ಬಂತು. ನಾನು ಕುಣಿಯುವುದೊಂದು ಬಾಕಿ. ಭಾವ ಮಾತ್ರ ಮೇಜಿನ ಮುಂದೆ ಅಲುಗಾಡದೆ ಕುಳಿತಿದ್ದರು. ಮೇಜಿನ ಮೇಲೆ ಐನೂರರ ಒಂದು ನೋಟು ಉಳಿದಿತ್ತು.

"ಎಲ್ಲರದೂ ಸೇರಿ ನಲವತ್ತೊಂದೂವರೆ ಸಾವಿರ. ಚೀಲದಲ್ಲಿ ನಲವತ್ತೆರಡು ಇತ್ತು" ಎಂದರು. "ಈ ಐನೂರು ಯಾರದು ಮೇಷ್ಟ್ರೇ?"

"ಗೊತ್ತಿಲ್ಲಪ್ಪ. ರಾತ್ರಿ ಎಣಿಸಿದಾಗ ಐನೂರು ಕಡಿಮೆ ಇತ್ತು. ಬೆಳಿಗ್ಗೆ ಎಣಿಸಿದ್ರೆ ಸರಿಯಾಗಿತ್ತು. ಚೀಲ ಎಲ್ಲೂ ಇಡಲಿಲ್ಲ. ನಿಮ್ಮ ಮನೇಲಿ ನೀರು ಕುಡಿಯುವಾಗ ಈ ಮೇಜಿನ ಮೇಲೆ ಇಟ್ಟಿದ್ದೆ, ಅಷ್ಟೇ" ಎಂದು ಹೇಳಿ ಮೇಷ್ಟ್ರು ಹೊರಟುಹೋದರು.

ಭಾವ ನನ್ನ ಕಡೆ ನೋಡಿದರು. ನನ್ನ ಹತ್ತಿರ ಐನೂರು ಇರುವ ಸಾಧ್ಯತೆಯಿಲ್ಲವೆಂದು ಅವರಿಗೇ ಹೊಳೆಯಿತು. ಆಮೇಲೆ ನಿಧಾನವಾಗಿ ಅಕ್ಕನ ಕಡೆ ತಿರುಗಿದರು. ಅಕ್ಕ ಚಹಾದ ಲೋಟಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದಳು.

"ಏನ್ರೀ ಹಾಗೆ ನೋಡ್ತೀರಾ? ಹೌದು, ನಂದೇ."

ಭಾವ ಇಡೀ ವಾರದಲ್ಲಿ ಕಂಡ ಆಘಾತಗಳೆಲ್ಲ ಇದರ ಮುಂದೆ ಏನೂ ಅಲ್ಲ. ಕುರ್ಚಿಯಲ್ಲಿ ಕುಳಿತಿದ್ದವರು ಇನ್ನೂ ಕೆಳಕ್ಕೆ ಕುಳಿತರು. "ಅಂದ್ರೆ ನೀನೂ... ನೀನೂ ನಾನು ಕದ್ದಿದೀನಿ ಅಂತ ನಂಬಿದ್ಯಾ?"

"ನಂಬಿದ್ರೆ ಐನೂರು ಕೊಡ್ತಿದ್ನಾ? ಕೊರಳ ಸರ ಅಡವಿಟ್ಟು ಪೂರ್ತಿ ನಲವತ್ತೆರಡೂ ನಾನೇ ಕಟ್ತಿದ್ದೆ. ಈ ಜನದ ಹತ್ರ ಬಿಡ್ತಿದ್ನಾ?"

ಭಾವನ ಕಣ್ಣು ತುಂಬಿ ಬಂತು. ನನಗೂ ಬಂತು. ಅಕ್ಕನ ದನಿಯೂ ಸ್ವಲ್ಪ ಒಡೆದಿತ್ತು. ಆದರೆ ಭಾವ ಈಗ ಮೊದಲಿನ ಭಾವ ಅಲ್ಲವಲ್ಲ. ಕಣ್ಣೊರೆಸಿಕೊಂಡು, ನೋಟನ್ನು ಎತ್ತಿ ಬೆಳಕಿಗೆ ಹಿಡಿದು ಕೇಳಿದರು:

"ಹಾಗಾದ್ರೆ ಈ ಐನೂರು ಯಾವ ಬಾಬ್ತು?"

ಅಕ್ಕ ಲೋಟಗಳನ್ನು ಎತ್ತಿಕೊಂಡು, ನೋಟನ್ನು ಅವರ ಬೆರಳಿಂದ ಕಿತ್ತುಕೊಂಡಳು.

"ಅಷ್ಟು ಅನುಮಾನ ಇತ್ತು" ಎಂದು ಹೇಳಿ ಒಳಗೆ ಹೋದಳು.